ಬಿಸಿಯಾದ ಮೇಲೆ ಸೋಲುತ್ತಿದ್ದ ಚೈನ್ ಸಾ ಸರಿಯಾದದ್ದು

ಕಾಫಿ ತೋಟದ ಮರಗಸಿಗೆ (ನೆರಳಿನ ಮರಗಳ ಕೊಂಬೆ ಸವರುವುದಕ್ಕೆ) ದಿನವೂ ಬಳಸುವ 35 ಸಿಸಿ ಚೈನ್ ಸಾ. ಬೆಳಿಗ್ಗೆ ಎರಡೇ ಎಳೆತಕ್ಕೆ ಸ್ಟಾರ್ಟ್ ಆಗುತ್ತಿತ್ತು. ಹದಿನೈದು ನಿಮಿಷ ಕೊಯ್ದ ಮೇಲೆ ಶಕ್ತಿಯೇ ಇರುತ್ತಿರಲಿಲ್ಲ. ಸಿಲ್ವರ್ ಓಕ್ ಕೊಂಬೆಗೆ ಬಾರ್ ಇಟ್ಟು ರೇಸ್ ಕೊಟ್ಟರೆ ಗುಂಯ್ ಅಂತ ಕುಗ್ಗುತ್ತಿತ್ತು, ಕೆಲವೊಮ್ಮೆ ಆಫ್.

ಪ್ಲಗ್ ಬದಲಾಯಿಸಿದೆ, ಏರ್ ಫಿಲ್ಟರ್ ತೊಳೆದೆ, ಟ್ಯಾಂಕಿನೊಳಗಿನ ಫಿಲ್ಟರ್, ಕಾರ್ಬೊರೇಟರ್ ಕಿಟ್ ಎರಡೂ ಹೊಸದು ಹಾಕಿದೆ. ಏನೂ ವ್ಯತ್ಯಾಸವಿಲ್ಲ.

ತೊಂದರೆ ಇದ್ದದ್ದು ಸೈಲೆನ್ಸರ್‌ನಲ್ಲಿ. ಕಿಡಿ ತಡೆಯುವ ಪುಟ್ಟ ಜಾಲರಿಯ ಮುಕ್ಕಾಲು ಭಾಗ ಗಟ್ಟಿ ಮಸಿಯಿಂದ ಮುಚ್ಚಿಹೋಗಿತ್ತು. ವೈರ್ ಬ್ರಷ್‌ನಲ್ಲಿ ಉಜ್ಜಿ ವಾಪಸ್ ಹಾಕಿದೆ. ಬೇಸಿಗೆಯ ದರಗಿನಲ್ಲಿ ಜಾಲರಿ ಇಲ್ಲದೆ ಓಡಿಸುವುದು ಬೇಡವೇ ಬೇಡ. ಸೈಲೆನ್ಸರ್ ಬಿಚ್ಚಿಟ್ಟುಕೊಂಡೇ ಹೊಗೆ ತೂತನ್ನು ಅರದಿಂದ 2 ಮಿ.ಮೀ. ಅಗಲ ಮಾಡಿದೆ.

ಹೀಗೆ ಮಾಡಿದರೆ ಇಂಜಿನ್ ಗಾಳಿ ಜಾಸ್ತಿ ಎಳೆಯುತ್ತದೆ. ಹಳೇ ಸೆಟ್ಟಿಂಗ್‌ನಲ್ಲೇ ಓಡಿಸಿದರೆ ಪೆಟ್ರೋಲ್ ಸಾಲದೆ ಇಂಜಿನ್ ವಿಪರೀತ ಕಾದು ಪಿಸ್ಟನ್ ಹಾಳಾಗಬಹುದು. ಕಾರ್ಬೊರೇಟರ್‌ನಲ್ಲಿ ಪೆಟ್ರೋಲ್ ಹೊಂದಿಸುವ ಎಲ್ (ಕಡಿಮೆ ವೇಗದ್ದು), ಎಚ್ (ಹೆಚ್ಚು ವೇಗದ್ದು) ಸ್ಕ್ರೂಗಳನ್ನು ಮೆಲ್ಲಗೆ ಪೂರ್ತಿ ಮುಚ್ಚಿ, ತಲಾ 1 ಸುತ್ತು ಬಿಚ್ಚಿ. ಇಂಜಿನ್ 5 ನಿಮಿಷ ಬಿಸಿಯಾಗಲಿ. ಮೊದಲು ಎಲ್: ಐಡಲ್ ಅತಿ ಜೋರಾಗುವ ಜಾಗ ಹುಡುಕಿ, ಅಲ್ಲಿಂದ 1/8 ಸುತ್ತು ಬಿಚ್ಚಿ. ಆಮೇಲೆ ಚೈನ್ ತಿರುಗುವುದು ನಿಲ್ಲುವ ತನಕ ಎಲ್‌ಎ (ಐಡಲ್ ವೇಗದ ಸ್ಕ್ರೂ) ಇಳಿಸಿ. ಕೊನೆಗೆ ಎಚ್. ಫುಲ್ ರೇಸ್‌ನಲ್ಲಿ ಸಣ್ಣಗೆ ಚೀರಿದರೆ ಪೆಟ್ರೋಲ್ ಸಾಲುತ್ತಿಲ್ಲ ಅಂತ. ಬಡಬಡ ಅಂತ ತೊದಲುವವರೆಗೆ ಸ್ವಲ್ಪ ಸ್ವಲ್ಪವೇ ಬಿಚ್ಚಿ. ಮರಕ್ಕೆ ಇಟ್ಟ ಕೂಡಲೇ ಆ ತೊದಲು ಹೋಗಬೇಕು. ನನ್ನ ಎಚ್ ಸ್ಕ್ರೂ 1¼ ಸುತ್ತಿಗೆ ಸರಿಹೋಯಿತು. ಟೂ ಸ್ಟ್ರೋಕ್ ಎಣ್ಣೆ 50:1, ಅಂದರೆ ಲೀಟರ್‌ಗೆ 20 ಮಿ.ಲೀ. ಜಾಲರಿಯನ್ನು ಈಗ ತಿಂಗಳಿಗೊಮ್ಮೆ ಉಜ್ಜುತ್ತೇನೆ.