ಒಂದೇ ನಂಬರ್, ಇಬ್ಬರು ಆಟಗಾರರು: ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ಜೆರ್ಸಿ ಹಂಚುವುದು ಹೇಗೆ?

ಅಮೆರಿಕದ ಕಾಲೇಜು ಫುಟ್‌ಬಾಲ್ ಪಂದ್ಯವನ್ನು ಮೊದಲ ಸಲ ನೋಡುವವರಿಗೆ ಗೊಂದಲವಾಗುವುದು ಸಹಜ. ಈಗಷ್ಟೇ 5ನೇ ನಂಬರಿನವನು ಚೆಂಡು ಹಿಡಿದು ಓಡಿದ್ದ. ಮರುಕ್ಷಣ ಅದೇ ತಂಡದ ಇನ್ನೊಬ್ಬ 5 ನಂಬರಿನವನು ಎದುರಾಳಿಯನ್ನು ಕೆಡವುತ್ತಿರುತ್ತಾನೆ. ಇದು ಅಚ್ಚಿನ ತಪ್ಪಲ್ಲ, ನಿಯಮದಲ್ಲೇ ಇದಕ್ಕೆ ಅವಕಾಶವಿದೆ.

ಕಾರಣ ಸರಳ ಲೆಕ್ಕ. ಬಳಸಬಹುದಾದ ನಂಬರ್‌ಗಳು 0ಯಿಂದ 99ರವರೆಗೆ, ಅಂದರೆ ನೂರೇ ನೂರು. 2025ರಿಂದ ದೊಡ್ಡ ಕಾಲೇಜುಗಳ ತಂಡದ ಮಿತಿ 105 ಆಟಗಾರರು. ಅದಕ್ಕೂ ಮೊದಲು ವಿದ್ಯಾರ್ಥಿವೇತನವಿಲ್ಲದೆ ಆಡುವವರೂ ಸೇರಿ ಪಟ್ಟಿ ಇನ್ನೂ ಉದ್ದವಿರುತ್ತಿತ್ತು. ಇದರ ಮೇಲೆ ಹಳೆಯ ವೀರರ ಗೌರವಕ್ಕೆಂದು ಯಾರಿಗೂ ಕೊಡದೆ ಇಟ್ಟ ನಂಬರ್‌ಗಳು ಬೇರೆ. ಇಲಿನಾಯ್‌ನಲ್ಲಿ 77 ಮತ್ತು 50 ಹಾಗೆ ಬದಿಗಿಟ್ಟವು. ವೃತ್ತಿಪರ ಎನ್‌ಎಫ್‌ಎಲ್‌ನಲ್ಲಿ ಋತು ಶುರುವಾದ ಮೇಲೆ ತಂಡಕ್ಕೆ 53 ಜನ, ಅಲ್ಲಿ ಈ ತಲೆನೋವಿಲ್ಲ.

ಮೊದಲು ನಿಯಮ ತಿಳಿಯಿರಿ

ಒಂದು ನಂಬರನ್ನು ಹೆಚ್ಚೆಂದರೆ ಇಬ್ಬರಿಗೆ ಕೊಡಬಹುದು. ಈ ಮಿತಿ ಬಂದದ್ದು 2020ರಲ್ಲಿ, 0 ನಂಬರಿಗೆ ಒಪ್ಪಿಗೆ ಸಿಕ್ಕಿದ್ದೂ ಆಗಲೇ. 00, 07 ಎಂದು ಮುಂದೆ ಸೊನ್ನೆ ಸೇರಿಸುವಂತಿಲ್ಲ. ಒಂದೇ ನಂಬರಿನ ಇಬ್ಬರು ಒಂದೇ ಡೌನ್‌ನಲ್ಲಿ, ಅಂದರೆ ಚೆಂಡು ಆಟಕ್ಕೆ ಬಂದು ಮತ್ತೆ ಆಟ ನಿಲ್ಲುವವರೆಗಿನ ಒಂದು ಸುತ್ತಿನಲ್ಲಿ, ಒಟ್ಟಿಗೆ ಮೈದಾನದಲ್ಲಿರಬಾರದು. ಇದ್ದರೆ 5 ಯಾರ್ಡ್ ದಂಡ. ಇವೆರಡರ ಜೊತೆಗೆ ಬಹಳ ಜನ ಮರೆಯುವ ಮೂರನೆಯದೂ ಒಂದಿದೆ: ಒಂದೇ ಸ್ಥಾನದಲ್ಲಿ ಆಡುವ ಇಬ್ಬರು ಒಂದೇ ಪಂದ್ಯದಲ್ಲಿ ಒಂದೇ ನಂಬರ್ ತೊಡುವಂತಿಲ್ಲ. ಇಬ್ಬರು ಕ್ವಾರ್ಟರ್‌ಬ್ಯಾಕ್‌ಗಳಿಗೂ (ಪಾಸ್ ಎಸೆದು ದಾಳಿ ನಡೆಸುವವರು) 12 ಕೊಟ್ಟು, ಒಬ್ಬ ಹೊರಬಂದಾಗಲೇ ಇನ್ನೊಬ್ಬನನ್ನು ಇಳಿಸುತ್ತೇವೆ ಎಂದರೆ ನಡೆಯದು. ಅದು ಎದುರಾಳಿಯ ಕಣ್ಣಿಗೆ ಮಣ್ಣೆರಚುವ ಕೆಲಸ ಎಂದೇ ಲೆಕ್ಕ.

ಹಂಚಿಕೆ ಶುರು ಮಾಡುವುದು 50–79ರಿಂದ

ದಾಳಿ ಮಾಡುವ ತಂಡದ ಮುಂಚೂಣಿ ಸಾಲಿನಲ್ಲಿ ಕನಿಷ್ಠ ಐವರು 50ರಿಂದ 79ರೊಳಗಿನ ನಂಬರ್ ತೊಟ್ಟಿರಬೇಕು (ಒದೆಯುವ ಆಟಗಳಿಗೆ ವಿನಾಯಿತಿ ಇದೆ). ಈ ನಂಬರಿನವರು ಮುಂದಕ್ಕೆ ಎಸೆದ ಪಾಸ್ ಹಿಡಿಯಲು ಅನರ್ಹರು. ಹಾಗಾಗಿ ಮೊದಲು ಲೈನ್‌ಮನ್‌ಗಳಿಗೆ, ಅಂದರೆ ಈ ಸಾಲಿನವರಿಗೆ, ಇಲ್ಲಿಂದ ಹಂಚಿ. ಉಳಿದ 70 ನಂಬರ್‌ಗಳಿಗೆ ರಿಸೀವರ್ (ಪಾಸ್ ಹಿಡಿಯುವವನು), ರನ್ನಿಂಗ್ ಬ್ಯಾಕ್ (ಚೆಂಡು ಹಿಡಿದು ಓಡುವವನು), ಕ್ವಾರ್ಟರ್‌ಬ್ಯಾಕ್ ಎಲ್ಲರೂ ಕೈಚಾಚುತ್ತಾರೆ. ರಕ್ಷಣೆಯವರಿಗೆ ಯಾವ ನಂಬರೂ ಆದೀತು. ಆದರೆ ಎಲ್ಲರ ಕಣ್ಣೂ ಒಂದಂಕಿಯ ಮೇಲೇ. ಜೋಡಿ ಮಾಡಬೇಕಾಗಿ ಬರುವುದು ಹೆಚ್ಚಾಗಿ ಇಲ್ಲೇ.

ಜೋಡಿ ಮಾಡುವಾಗ ಒಬ್ಬ ದಾಳಿಯವನು, ಒಬ್ಬ ರಕ್ಷಣೆಯವನು ಎಂದಿಟ್ಟುಕೊಳ್ಳುವುದು ರೂಢಿ, ಏಕೆಂದರೆ ಅವರಿಬ್ಬರೂ ಸಾಮಾನ್ಯವಾಗಿ ಒಟ್ಟಿಗೆ ಮೈದಾನಕ್ಕಿಳಿಯುವುದಿಲ್ಲ. ಇಷ್ಟಕ್ಕೇ ನಿಂತರೆ ಸಾಲದು.

ಎಡವುವುದು ಒದೆಯುವ ಆಟಗಳಲ್ಲಿ

ಪಂಟ್ (ಚೆಂಡನ್ನು ಎದುರಾಳಿಯತ್ತ ದೂರಕ್ಕೆ ಒದೆಯುವುದು), ಕಿಕಾಫ್ (ಆಟ ಶುರುಮಾಡುವ ಒದೆತ), ಫೀಲ್ಡ್ ಗೋಲ್ (ಕಂಬಗಳ ನಡುವೆ ಒದ್ದು ಅಂಕ ಗಳಿಸುವುದು) ತಂಡಗಳಲ್ಲಿ ದಾಳಿಯವರೂ ರಕ್ಷಣೆಯವರೂ ಬೆರೆಯುತ್ತಾರೆ. 2023ರ ಆಗಸ್ಟ್ 31ರಂದು ಫ್ಲಾರಿಡಾ ತಂಡಕ್ಕೆ ಆದದ್ದು ಇದೇ. ಯೂಟಾ ತಂಡ ನಾಲ್ಕನೇ, ಅಂದರೆ ಕೊನೆಯ ಡೌನ್‌ನಲ್ಲಿ ಪಂಟ್ ಮಾಡಿ ಚೆಂಡು ಬಿಟ್ಟುಕೊಡಲು ನಿಂತಿತ್ತು. ಫ್ಲಾರಿಡಾದ ಪಾಳಯದಲ್ಲಿ 3ನೇ ನಂಬರಿನ ರಿಸೀವರ್ ಮತ್ತು 3ನೇ ನಂಬರಿನ ಕಾರ್ನರ್‌ಬ್ಯಾಕ್ (ಎದುರಾಳಿ ರಿಸೀವರ್‌ಗಳನ್ನು ತಡೆಯುವ ರಕ್ಷಣೆಯವನು) ಇಬ್ಬರೂ ಇದ್ದರು. 5 ಯಾರ್ಡ್ ದಂಡ ಬಿತ್ತು, ಅಷ್ಟರಲ್ಲೇ ಯೂಟಾಗೆ ಹೊಸ ಮೊದಲ ಡೌನ್, ಅಂದರೆ ಮತ್ತೆ ನಾಲ್ಕು ಪ್ರಯತ್ನಗಳ ಅವಕಾಶ, ಸಿಕ್ಕಿತು. ಕೈಗೆ ಬರಬೇಕಿದ್ದ ಚೆಂಡು ಎದುರಾಳಿಯ ಬಳಿಯೇ ಉಳಿಯಿತು. ಪಂದ್ಯ 24–11ರಲ್ಲಿ ಯೂಟಾದ ಪಾಲಾಯಿತು. 5 ಯಾರ್ಡ್ ತಾನೇ ಎಂದು ಹಗುರಾಗಿ ಕಾಣುವವರು ಆ ಯಾರ್ಡ್‌ಗಳು ಬೀಳುವ ಹೊತ್ತನ್ನು ಗಮನಿಸುವುದಿಲ್ಲ.

ತಪ್ಪಿಸಲು ಒಂದು ಕೋಷ್ಟಕ ಬೇಕು. ಕಿಕಾಫ್, ಕಿಕಾಫ್ ರಿಟರ್ನ್, ಪಂಟ್, ಪಂಟ್ ರಿಟರ್ನ್, ಫೀಲ್ಡ್ ಗೋಲ್, ಅದನ್ನು ತಡೆಯುವ ತಂಡ: ಹೀಗೆ ಆರು ಕಾಲಂ ಎಳೆಯಿರಿ. ಪ್ರತಿಯೊಂದರಲ್ಲೂ 11 ಜನರ ನಂಬರ್, ಪಕ್ಕದಲ್ಲಿ ಪ್ರತಿ ಸ್ಥಾನಕ್ಕೂ ಬದಲಿ ಆಟಗಾರನ ನಂಬರ್ ಬರೆಯಿರಿ. ಒಂದು ಕಾಲಂನ ಈ 22ರಲ್ಲಿ ಯಾವ ನಂಬರೂ ಎರಡು ಸಲ ಬರಕೂಡದು. ಬದಲಿಯವರನ್ನು ಬಿಟ್ಟು ಬರೀ ಮೊದಲ ಹನ್ನೊಂದನ್ನು ನೋಡಿದರೆ ಯಾರಾದರೂ ಗಾಯಗೊಂಡು ಹೊರಬಂದ ಕೂಡಲೇ ಲೆಕ್ಕ ಕೆಡುತ್ತದೆ.

ಇನ್ನೂ ಕೆಲವು ಕಡೆ ಕಣ್ಣಿಡಬೇಕು. ಪಂಟರ್‌ನ ಮುಂದೆ ಗೋಡೆಯಂತೆ ನಿಲ್ಲುವ ಮೂವರು ಎಷ್ಟೋ ತಂಡಗಳಲ್ಲಿ ದಪ್ಪ ದೇಹದ ಡಿಫೆನ್ಸಿವ್ ಲೈನ್‌ಮನ್‌ಗಳು. ಪಂಟರ್‌ಗೆ 96 ಕೊಟ್ಟು ಅವರಲ್ಲೊಬ್ಬನಿಗೂ 96 ಕೊಟ್ಟರೆ ಕಥೆ ಮುಗಿಯಿತು. ಆನ್‌ಸೈಡ್ ಕಿಕ್ (ಚೆಂಡನ್ನು ತಾವೇ ಮರಳಿ ಹಿಡಿಯಲೆಂದು ಹತ್ತಿರಕ್ಕೆ ಒದೆಯುವ ಕಿಕಾಫ್) ಎದುರಿಸುವಾಗ ಕೈ ಗಟ್ಟಿಯಿರುವವರನ್ನೆಲ್ಲ ಎಲ್ಲ ಕಡೆಯಿಂದ ಹೆಕ್ಕಿ ಕಳಿಸುತ್ತಾರೆ, ಅವರಲ್ಲಿ ಒಂದಂಕಿಯವರೇ ಹೆಚ್ಚು. ಕೊನೆಯ ಗಳಿಗೆಯ ಉದ್ದ ಪಾಸ್ ತಡೆಯಲು ಎತ್ತರದ ರಿಸೀವರ್‌ನನ್ನು ರಕ್ಷಣೆಗೆ ಇಳಿಸುವ ತಂತ್ರವೂ ಹಾಗೆಯೇ. ಈ ಎರಡಕ್ಕೂ ಕೋಷ್ಟಕದಲ್ಲಿ ಬೇರೆ ಕಾಲಂ ಇರಲಿ.

ಪಂದ್ಯದ ಮಧ್ಯೆ ಜೆರ್ಸಿ ಬದಲಾದರೆ

ರಕ್ತ ಮೆತ್ತಿದ ಇಲ್ಲವೇ ಹರಿದ ಜೆರ್ಸಿಯನ್ನು ಬದಲಿಸಲೇಬೇಕಾಗುತ್ತದೆ. ಆಗ ಕೈಗೆ ಸಿಕ್ಕ ಜೆರ್ಸಿ ಕೊಡಬೇಡಿ, ಪಟ್ಟಿಯಲ್ಲಿ ಯಾರಿಗೂ ಕೊಡದ ನಂಬರಿನ ಒಂದೆರಡನ್ನು ಪೆಟ್ಟಿಗೆಯಲ್ಲಿಡಿ. ಎದೆಯ ಮೇಲಿನ ಅಂಕಿ ಕನಿಷ್ಠ 8 ಇಂಚು, ಬೆನ್ನ ಮೇಲಿನದು 10 ಇಂಚು ಎತ್ತರವಿರಬೇಕೆಂಬುದು ಇವಕ್ಕೂ ಅನ್ವಯ. ಹೊಸ ನಂಬರಿನ ಆಟಗಾರ ಇಳಿಯುವ ಮೊದಲು ರೆಫರಿಗೆ ತಿಳಿಸಬೇಕು.

ಎನ್‌ಎಫ್‌ಎಲ್‌ನಲ್ಲಿ ಲೈನ್‌ಮನ್ ರೆಫರಿಗೆ ಹೇಳಿ ಪಾಸ್ ಹಿಡಿಯುವ ಅರ್ಹತೆ ಪಡೆಯಬಹುದು. ಕಾಲೇಜಿನಲ್ಲಿ ಬಾಯಿಮಾತಿಗೆ ಬೆಲೆಯಿಲ್ಲ, ಜೆರ್ಸಿಯನ್ನೇ ಬದಲಿಸಬೇಕು. 72ರವನಿಗೆ ಅದಕ್ಕಾಗಿ 88 ತೊಡಿಸುವ ಮುನ್ನ ತಂಡದಲ್ಲಿ ಇನ್ನೊಬ್ಬ 88 ಇದ್ದಾನೆಯೇ ಎಂದು ನೋಡಿ.

ಚೆಂಡು ಸ್ನ್ಯಾಪ್ ಆಗುವ, ಅಂದರೆ ಹಿಂದಕ್ಕೆ ಕೊಟ್ಟು ಆಟ ಶುರುವಾಗುವ ಮುನ್ನ ಎರಡು 3 ಕಣ್ಣಿಗೆ ಬಿದ್ದರೆ ಟೈಮ್‌ಔಟ್ ಕೇಳಿ, ಅರ್ಧಕ್ಕೆ ಮೂರಿರುತ್ತವೆ. ಟೈಮ್‌ಔಟ್ ಉಳಿದಿಲ್ಲವೆಂದರೆ, ರಕ್ಷಣೆಯಲ್ಲಿರುವಾಗ, ಒಬ್ಬನನ್ನು ಕೂಗಿ ಹೊರಗೆ ಓಡಿಸಿ. ಹತ್ತೇ ಜನ ಆಡುವುದು ನಿಯಮಕ್ಕೆ ವಿರುದ್ಧವಲ್ಲ.