ಸ್ಕೂಬಾ ಡೈವಿಂಗ್ ಕಲಿಯಬೇಕೆ? ಉಸಿರಿನಿಂದ ಶುರು ಮಾಡಿ

ನೀರಿನಡಿ ಉಸಿರಾಡುವುದು ಮೊದಲ ಸಲ ಯಾರಿಗೂ ಸುಲಭ ಅನ್ನಿಸುವುದಿಲ್ಲ. ಮುಖ ಮುಳುಗಿದ ಕೂಡಲೇ ಉಸಿರು ಬಿಗಿ ಹಿಡಿಯುವುದು ದೇಹಕ್ಕೆ ಹುಟ್ಟಿನಿಂದಲೇ ಬಂದದ್ದು. ಸ್ಕೂಬಾ ಕಲಿಯುವಾಗ ಮೊದಲು ಬಿಡಬೇಕಾದದ್ದೇ ಅದನ್ನು. ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡವರನ್ನು ನೋಡಿದರೆ ಇದು ಗಟ್ಟಿ ಗುಂಡಿಗೆಯವರ ಆಟ ಅನ್ನಿಸಬಹುದು. ನನ್ನ ಮಟ್ಟಿಗೆ ಇದು ನಿಧಾನಸ್ಥರ ಹವ್ಯಾಸ. ನಿಧಾನವಾಗಿ ಉಸಿರಾಡಲು, ಇಳಿಯಲು, ಮೇಲೇರಲು ಬಂದರೆ ಮುಕ್ಕಾಲು ಪಾಲು ಕಲಿತ ಹಾಗೆ.

ಮೊದಲು ಆರೋಗ್ಯ, ಆಮೇಲೆ ಕೋರ್ಸು

ಕೋರ್ಸಿಗೆ ಸೇರುವಾಗ ಆರೋಗ್ಯದ ಬಗ್ಗೆ ಒಂದು ಪ್ರಶ್ನಾವಳಿ ಕೊಡುತ್ತಾರೆ. ಆಸ್ತಮಾ, ಮೂರ್ಛೆ ರೋಗ, ಹೃದಯದ ತೊಂದರೆ, ಕಿವಿ ಅಥವಾ ಶ್ವಾಸಕೋಶದ ಆಪರೇಷನ್, ಇವೆಲ್ಲ ಅದರಲ್ಲಿರುತ್ತವೆ. ಯಾವುದಾದರೂ ಇದ್ದರೆ ಮುಚ್ಚಿಡಬೇಡಿ, ವೈದ್ಯರ ಒಪ್ಪಿಗೆ ಪಡೆಯಿರಿ. ಗರ್ಭಿಣಿಯರು ಡೈವ್ ಮಾಡಬಾರದು. ಈಜುಗಾರರಾಗಿ ಪದಕ ಗೆದ್ದಿರಬೇಕಿಲ್ಲ. ನಿಲ್ಲದೆ 200 ಮೀಟರ್ ಈಜಿ, 10 ನಿಮಿಷ ತೇಲುತ್ತಾ ಇರಬಲ್ಲಿರಾದರೆ ಸಾಕು.

ಇನ್‌ಸ್ಟ್ರಕ್ಟರ್ ಕೈ ಹಿಡಿದು ಕರೆದೊಯ್ಯುವ ಟ್ರೈ ಡೈವ್ ರುಚಿ ನೋಡಲು ಚೆನ್ನಾಗಿದೆ. ಆದರೆ ಅದರಿಂದ ಡೈವಿಂಗ್ ಬರುವುದಿಲ್ಲ. ಹವ್ಯಾಸ ಮಾಡಿಕೊಳ್ಳುವ ಮನಸ್ಸಿದ್ದರೆ ಓಪನ್ ವಾಟರ್ ಕೋರ್ಸ್ ಮಾಡಿ. ಅದು ಮುಗಿದರೆ 18 ಮೀಟರ್ ಆಳದವರೆಗೆ ಇಳಿಯಬಹುದು. ಮುಂದಿನ ಹಂತಕ್ಕೆ 30 ಮೀಟರ್. ಹವ್ಯಾಸಿಗಳಿಗೆ 40 ಮೀಟರ್ ಕೊನೆ. ಪ್ಯಾಡಿ, ಎಸ್‌ಎಸ್‌ಐ, ನಾವಿ, ಸಿಮಾಸ್ ಎಂದು ಹಲವು ಸಂಸ್ಥೆಗಳ ಸರ್ಟಿಫಿಕೇಟ್‌ಗಳಿವೆ. ಯಾವುದು ಮೇಲು ಎಂಬ ಚರ್ಚೆಗಿಂತ ಕಲಿಸುವವರು ಯಾರು ಅನ್ನುವುದು ಮುಖ್ಯ. ಒಂದು ಸಲಕ್ಕೆ ಎಷ್ಟು ಜನರಿಗೆ ಕಲಿಸುತ್ತೀರಿ, ಈಜುಕೊಳದಲ್ಲಿ ಎಷ್ಟು ಹೊತ್ತು ಇರುತ್ತೇವೆ, ಒಂದು ಪಾಠ ಬರದಿದ್ದರೆ ಮತ್ತೆ ಮಾಡಿಸುತ್ತೀರಾ ಎಂದು ಕೇಳಿ. ಕೇಳಿದ್ದಕ್ಕೆ ಅವಸರದ ಉತ್ತರ ಬಂದರೆ ಬೇರೆ ಕಡೆ ಹೋಗಿ.

ಮಾಸ್ಕ್ ಮಾತ್ರ ಸ್ವಂತದ್ದಿರಲಿ

ಶುರುವಿನಲ್ಲೇ ಎಲ್ಲ ಸಾಮಾನು ಕೊಳ್ಳಬೇಡಿ, ಬಾಡಿಗೆಗೆ ಸಿಗುತ್ತದೆ. ಮಾಸ್ಕ್ ಮಾತ್ರ ಸ್ವಂತದ್ದು ಇರಲಿ, ಏಕೆಂದರೆ ಒಬ್ಬರ ಮುಖಕ್ಕೆ ಕೂರುವುದು ಇನ್ನೊಬ್ಬರಿಗೆ ಕೂರುವುದಿಲ್ಲ. ಪಟ್ಟಿ ಹಾಕಿಕೊಳ್ಳದೆ ಮುಖಕ್ಕೆ ಒತ್ತಿ, ಮೂಗಿನಿಂದ ಮೆಲ್ಲಗೆ ಉಸಿರೆಳೆದು ಕೈ ಬಿಡಿ. ಬೀಳದೆ ಅಂಟಿ ನಿಂತರೆ ಅದು ನಿಮ್ಮದು. ಹೊಸ ಮಾಸ್ಕಿನ ಗಾಜಿನ ಮೇಲೆ ತಯಾರಿಕೆಯ ಪೊರೆ ಉಳಿದಿರುತ್ತದೆ. ಟೂತ್‌ಪೇಸ್ಟ್ ಹಚ್ಚಿ ಉಜ್ಜಿ ತೊಳೆಯಿರಿ, ಇಲ್ಲದಿದ್ದರೆ ಮಂಜು ಕಟ್ಟುತ್ತಲೇ ಇರುತ್ತದೆ. ಪ್ರತಿ ಡೈವ್‌ಗೆ ಮುಂಚೆ ಒಳಗಡೆ ಉಗುಳು ಸವರಿ ಒಮ್ಮೆ ಅಲುಬಿದರೆ ಸಾಕು. ಹಳಬರೂ ಇದನ್ನೇ ಮಾಡುವುದು.

ಎದೆಮಟ್ಟದ ನೀರಿನಲ್ಲಿ ಕಾಲ ಕಳೆಯಿರಿ

ಬಾಯಲ್ಲಿ ಕಚ್ಚಿಕೊಳ್ಳುವ ರೆಗ್ಯುಲೇಟರ್ ನೀವು ಎಳೆದಾಗ ಮಾತ್ರ, ಸುತ್ತಲಿನ ಒತ್ತಡಕ್ಕೆ ಸರಿಯಾಗಿ ಗಾಳಿ ಕೊಡುತ್ತದೆ. 1943ರಲ್ಲಿ ಫ್ರಾನ್ಸಿನಲ್ಲಿ ಜಾಕ್ ಕುಸ್ಟೊ ಮತ್ತು ಎಮಿಲ್ ಗಾನ್ಯಾನ್ ರೂಪಿಸಿದ ಸಾಧನದ ತತ್ವ ಇವತ್ತಿಗೂ ಅದೇ. ಮೊದಲು ಮಂಡಿಯೂರಿ ಕೂತು ಸುಮ್ನೆ ಉಸಿರಾಡಿ. ಉದ್ದಕ್ಕೆ ಎಳೆಯಿರಿ, ಅದಕ್ಕಿಂತ ಉದ್ದಕ್ಕೆ ಬಿಡಿ. ಗುಳ್ಳೆಗಳ ಸದ್ದು ಒಂದೇ ಲಯಕ್ಕೆ ಬರುವವರೆಗೆ ಬೇರೇನೂ ಮಾಡಬೇಡಿ.

ಜಾಸ್ತಿ ಜನ ಹೆದರುವುದು ಮಾಸ್ಕಿನೊಳಗೆ ನೀರು ಬಂದಾಗ. ಮೂಗಿಗೆ ನೀರು ಸೋಕುತ್ತದೆ, ಮೂಗಿನಿಂದ ಉಸಿರೆಳೆಯುತ್ತಾರೆ, ನೆತ್ತಿಗೇರಿ ಗಾಬರಿಯಾಗುತ್ತದೆ. ಅದಕ್ಕೇ ಬೇಕೆಂದೇ ಅರ್ಧ ನೀರು ಬಿಟ್ಟುಕೊಂಡು, ಬಾಯಿಂದಷ್ಟೇ ಉಸಿರಾಡುತ್ತಾ ಕೊಂಚ ಹೊತ್ತು ಕೂರಿ. ಇದು ಅಭ್ಯಾಸವಾದರೆ ನೀರು ಹೊರಹಾಕುವುದು ಚಿಕ್ಕ ಕೆಲಸ. ಮಾಸ್ಕಿನ ಮೇಲಂಚನ್ನು ಬೆರಳಿಂದ ಹಣೆಗೆ ಒತ್ತಿ ಹಿಡಿಯಿರಿ. ತುಸು ಮೇಲೆ ನೋಡುತ್ತಾ ಮೂಗಿನಿಂದ ಉಸಿರು ಬಿಡಿ. ಗಾಳಿ ಮೇಲೆ ಸೇರಿಕೊಂಡು ನೀರನ್ನು ಕೆಳಗಿನ ಅಂಚಿನಿಂದ ತಳ್ಳುತ್ತದೆ. ಬಾಯಿಂದ ಬಿದ್ದ ರೆಗ್ಯುಲೇಟರ್ ಹುಡುಕುವುದು, ಜೊತೆಗಾರರ ಹೆಚ್ಚುವರಿ ರೆಗ್ಯುಲೇಟರಿನಿಂದ ಗಾಳಿ ಪಡೆಯುವುದು, ಇವೂ ಯೋಚಿಸದೇ ಬರುವಷ್ಟು ಪಳಗಲಿ.

ಕಿವಿ ನೋಯುವ ಮುಂಚೆ

ನೀರಿನ ಮೇಲೆ ನಮ್ಮ ಮೇಲಿರುವುದು ಒಂದು ವಾತಾವರಣದ ಒತ್ತಡ. 10 ಮೀಟರ್ ಇಳಿದರೆ ಅದು ಎರಡಾಗುತ್ತದೆ, 20ಕ್ಕೆ ಮೂರು, 30ಕ್ಕೆ ನಾಲ್ಕು. ಅಂದರೆ ಒತ್ತಡ ಒಂದಕ್ಕೆರಡಾಗುವುದು ಮೊದಲ 10 ಮೀಟರಿನಲ್ಲೇ. ಕಿವಿಗೆ ಕಷ್ಟವಾಗುವುದೂ ಅಲ್ಲೇ. ಮೂಗು ಹಿಡಿದು, ಬಾಯಿ ಮುಚ್ಚಿ, ಮೆಲ್ಲಗೆ ಊದಿ. ಕಿವಿಯೊಳಗೆ ಪಟ್ ಎನ್ನುವ ಸಣ್ಣ ಸದ್ದು ಕೇಳಿದರೆ ಒತ್ತಡ ಸಮವಾಯಿತು. ಇಳಿಯುವ ಮುಂಚೆಯೇ ಒಂದು ಸಲ, ಆಮೇಲೆ ಪ್ರತಿ ಮೀಟರಿಗೂ ಮಾಡಿ. ನೋವು ಶುರುವಾಗುವವರೆಗೆ ಕಾಯಬೇಡಿ. ಕಿವಿ ಬಿಡದಿದ್ದರೆ ಒಂದೆರಡು ಮೀಟರ್ ಮೇಲೆ ಬಂದು ಮತ್ತೆ ಪ್ರಯತ್ನಿಸಿ. ಜೋರಾಗಿ ಊದಿದರೆ ಒಳಗಿವಿಗೇ ಪೆಟ್ಟು. ನೆಗಡಿಯಿದ್ದ ದಿನ ದಡದಲ್ಲೇ ಇರಿ. ಮಾತ್ರೆ ನುಂಗಿ ಇಳಿದರೆ ನೀರಿನಡಿಯಲ್ಲೇ ಅದರ ಪ್ರಭಾವ ಇಳಿದು, ಮೇಲೇರುವಾಗ ಕಿವಿ ಕಟ್ಟಿಕೊಳ್ಳಬಹುದು.

ತೇಲುವುದೂ ಇಲ್ಲ, ಮುಳುಗುವುದೂ ಇಲ್ಲ

ನನಗೆ ಡೈವಿಂಗಿನಲ್ಲಿ ತುಂಬಾ ಇಷ್ಟವಾದ ಭಾಗ ಇದು. ಏರದೆ, ಇಳಿಯದೆ ನೀರಿನ ನಡುವೆ ನಿಲ್ಲುವುದು. ಗಾಳಿ ತುಂಬುವ ಜಾಕೆಟ್ ಬಿಸಿಡಿ, ಸೊಂಟದ ತೂಕ ಎರಡೂ ನೆರವಿಗಿರುತ್ತವೆ. ಆದರೆ ಕೊನೆಯ ಹದ ಸಿಗುವುದು ನಿಮ್ಮ ಶ್ವಾಸಕೋಶದಲ್ಲಿ. ಉಸಿರೆಳೆದರೆ ಒಂದು ಕ್ಷಣ ಬಿಟ್ಟು ಮೆಲ್ಲಗೆ ಏರುತ್ತೀರಿ, ಬಿಟ್ಟರೆ ಇಳಿಯುತ್ತೀರಿ. ಹೊಸಬರು ಆ ಒಂದು ಕ್ಷಣ ಕಾಯದೆ ಬಿಸಿಡಿಯ ಬಟನ್ ಒತ್ತುತ್ತಾರೆ, ಆಮೇಲೆ ಮೇಲಕ್ಕೂ ಕೆಳಕ್ಕೂ ಒದ್ದಾಡುತ್ತಾರೆ. ಅಗತ್ಯಕ್ಕಿಂತ ಜಾಸ್ತಿ ತೂಕ ಕಟ್ಟಿಕೊಳ್ಳುವುದೂ ಇದಕ್ಕೆ ಕಾರಣ. ಬಿಸಿಡಿಯ ಗಾಳಿಯೆಲ್ಲ ಬಿಟ್ಟು, ಸಾಮಾನ್ಯ ಉಸಿರು ತುಂಬಿಕೊಂಡಾಗ ನೀರು ಕಣ್ಣಿನ ಮಟ್ಟಕ್ಕೆ ನಿಂತರೆ, ಉಸಿರು ಬಿಟ್ಟಾಗ ಮುಳುಗಿದರೆ ತೂಕ ಹೆಚ್ಚುಕಡಿಮೆ ಸರಿ. ಸಿಲಿಂಡರ್ ಖಾಲಿಯಾದಷ್ಟೂ ಹಗುರಾಗುತ್ತದೆ, ಅದಕ್ಕೆ ಒಂದಿಷ್ಟು ಸೇರಿಸಿಕೊಳ್ಳಿ.

ಈ ಹದ ಬಂದಮೇಲೆ ಹವಳದ ಹತ್ತಿರ ಹೋಗಿ. ಹವಳ ಕಲ್ಲಿನಂತೆ ಕಂಡರೂ ಅದರ ಮೇಲ್ಪದರ ಜೀವಂತ, ಕಾಲಿಗೆ ಹಾಕಿಕೊಳ್ಳುವ ಫಿನ್ ತಾಗಿದರೂ ಹಾನಿ. ಏನನ್ನೂ ಮುಟ್ಟಬೇಡಿ. ಮೀನುಗಳು ಇರುವುದಕ್ಕಿಂತ ಮೂರನೇ ಒಂದು ಪಾಲು ದೊಡ್ಡದಾಗಿ ಕಾಣುತ್ತವೆ. ಬಣ್ಣಗಳಲ್ಲಿ ಕೆಂಪು ಮೊದಲು ಮಾಸುತ್ತದೆ. ಬೂದು ಅನ್ನಿಸಿದ ಬಂಡೆಗೆ ಟಾರ್ಚ್ ಬಿಟ್ಟು ನೋಡಿ, ಕಡು ಕೆಂಪು ಎದ್ದು ಬರುತ್ತದೆ.

ಇಳಿಯುವ ಮುಂಚೆ, ಮೇಲೇರುವಾಗ

ಒಬ್ಬರೇ ಇಳಿಯಬೇಡಿ. ಜೊತೆಗಾರರನ್ನು ಇಂಗ್ಲಿಷಿನಲ್ಲಿ ‘ಬಡ್ಡಿ’ (buddy) ಅನ್ನುತ್ತಾರೆ. ಒಬ್ಬರದನ್ನೊಬ್ಬರು ಮುಟ್ಟಿ ಪರೀಕ್ಷಿಸಿ: ಬಿಸಿಡಿ, ತೂಕ, ಬಕಲ್‌ಗಳು, ಗಾಳಿ. ಹೆಬ್ಬೆರಳು ಎತ್ತಿದರೆ ಇಲ್ಲಿ ‘ಮೇಲೆ ಹೋಗೋಣ’ ಎಂದು ಅರ್ಥ. ‘ಸರಿ’ ಎನ್ನಲು ಹೆಬ್ಬೆರಳು ಮತ್ತು ತೋರುಬೆರಳು ಸೇರಿಸಿ ಸುತ್ತು ಮಾಡಿ. ತುಂಬಿದ ಸಿಲಿಂಡರಿನಲ್ಲಿ ಸಾಮಾನ್ಯವಾಗಿ 200 ಬಾರ್ ಒತ್ತಡದ ಗಾಳಿ ಇರುತ್ತದೆ. 50 ಬಾರ್ ಉಳಿದಿರುವಾಗಲೇ ಮೇಲೆ ಬಂದಿರಬೇಕು. ಆಳ ಹೆಚ್ಚಿದಷ್ಟೂ ಗಾಳಿ ಬೇಗ ಮುಗಿಯುತ್ತದೆ: 20 ಮೀಟರಿನಲ್ಲಿ ನೀರಿನ ಮೇಲಿಗಿಂತ ಮೂರು ಪಟ್ಟು ಬೇಗ.

ಮೇಲೇರುವಾಗ ಉಸಿರು ಹಿಡಿಯಲೇಬೇಡಿ. ಒತ್ತಡ ತಗ್ಗಿದಂತೆ ಶ್ವಾಸಕೋಶದ ಗಾಳಿ ಹಿಗ್ಗುತ್ತದೆ, ಹೊರಗೆ ಹೋಗಲು ದಾರಿಯಿಲ್ಲದಿದ್ದರೆ ಶ್ವಾಸಕೋಶ ಹರಿಯಬಹುದು. ಒಂದೆರಡು ಮೀಟರಿನಲ್ಲೂ ಹಾಗಾಗಬಹುದು. ನಿಮಿಷಕ್ಕೆ 9 ಮೀಟರಿಗಿಂತ ವೇಗ ಬೇಡ. 5 ಮೀಟರಿನಲ್ಲಿ 3 ನಿಮಿಷ ನಿಲ್ಲಿ. ಆಳದಲ್ಲಿ ಮೈ ಸೇರಿದ ಸಾರಜನಕ ಮೆಲ್ಲಗೆ ಹೊರಬರಲಿ, ಇಲ್ಲದಿದ್ದರೆ ಗುಳ್ಳೆಯಾಗಿ ಕಾಡುತ್ತದೆ. ಕೀಲು ನೋವು, ಜುಮ್ಮೆನ್ನುವುದು, ಕಾರಣವಿಲ್ಲದ ಸುಸ್ತು ಕಂಡರೆ ‘ನಾಳೆ ಸರಿಹೋಗುತ್ತೆ’ ಎನ್ನಬೇಡಿ. ಕೂಡಲೇ ಶುದ್ಧ ಆಮ್ಲಜನಕ ಕೊಡಿಸಿ, ವೈದ್ಯರನ್ನು ಕಾಣಿ. ಇದೇ ಕಾರಣಕ್ಕೆ ಒಂದು ಡೈವ್ ಆದಮೇಲೆ ಕನಿಷ್ಠ 12 ಗಂಟೆ, ಒಂದಕ್ಕಿಂತ ಹೆಚ್ಚಾದರೆ 18 ಗಂಟೆ ವಿಮಾನ ಹತ್ತಬಾರದು.

ದಡಕ್ಕೆ ಬಂದಮೇಲೆ ಆಳ, ಸಮಯ, ಕಟ್ಟಿದ ತೂಕ, ಉಳಿದ ಗಾಳಿಯನ್ನು ಲಾಗ್‌ಬುಕ್ಕಿನಲ್ಲಿ ಬರೆದಿಡಿ. ಮುಂದಿನ ಸಲ ಎಷ್ಟು ತೂಕ ಬೇಕು ಎಂದು ಊಹಿಸಬೇಕಾಗುವುದಿಲ್ಲ. ಸಾಮಾನನ್ನೆಲ್ಲ ಸಿಹಿನೀರಿನಲ್ಲಿ ತೊಳೆಯಿರಿ. ರೆಗ್ಯುಲೇಟರ್ ನೀರಿಗಿಡುವ ಮುಂಚೆ ಸಿಲಿಂಡರಿಗೆ ಜೋಡಿಸುವ ಬಾಯಿಯ ಮುಚ್ಚಳ, ಡಸ್ಟ್ ಕ್ಯಾಪ್, ಬಿಗಿಯಾಗಿ ಹಾಕಿದ್ದೀರಾ ನೋಡಿ. ನೆನೆದಿರುವಾಗ ಅದರ ಮುಂದಿನ ಬಟನ್ ಒತ್ತಬೇಡಿ, ನೀರು ಒಳಗೆ ಹೋಗುತ್ತದೆ.