ಮೀನಿನ ಐಸಿನಲ್ಲಿ ಈಜುಗಾರ

ಬೈತಖೋಲ ಬಂದರಿನಲ್ಲಿ ಮೀನಿಗೆ ಹಾಕುವ ಐಸನ್ನು ನಾನು ಕೂತುಕೊಳ್ಳಲು ಒಯ್ಯುತ್ತೇನೆಂದು ಗೊತ್ತಾದಾಗ ಅಲ್ಲಿದ್ದವರೆಲ್ಲ ನಕ್ಕರು. ನಗುವಂಥದ್ದೇ. ನಮ್ಮ ಕಾರವಾರದ ಕಡಲು ಚಳಿಗಾಲದಲ್ಲೂ 27 ಡಿಗ್ರಿಯ ಆಸುಪಾಸು. ನಾನು ಸೇರಿಕೊಂಡದ್ದು ಇಂಗ್ಲೆಂಡು-ಫ್ರಾನ್ಸ್ ನಡುವಿನ ಇಂಗ್ಲಿಷ್ ಕಡಲ್ಗಾಲುವೆ ದಾಟುವ ರಿಲೇ ತಂಡಕ್ಕೆ. ಅಲ್ಲಿ ಬೇಸಿಗೆಯಲ್ಲೂ ನೀರು 15ರಿಂದ 18 ಡಿಗ್ರಿ, ಮೈ ಬೆಚ್ಚಗಿಡುವ ವೆಟ್‌ಸೂಟ್ ಹಾಕುವಂತಿಲ್ಲ. ಒಬ್ಬೊಬ್ಬರು ಒಂದೊಂದು ತಾಸು ಈಜಬೇಕು, ಸರದಿ ಬಂದರೆ ನಡುಗುತ್ತಲೇ ಮತ್ತೆ ಇಳಿಯಬೇಕು.

ಹಿತ್ತಲಲ್ಲಿ ನೀಲಿ ಡ್ರಮ್ಮು ಇಟ್ಟು, 120 ಲೀಟರ್ ನೀರಿಗೆ 13 ಕಿಲೋ ಐಸು ಒಡೆದು ಹಾಕಿದೆ. 26 ಡಿಗ್ರಿಯಿದ್ದ ನೀರು 16ಕ್ಕೆ ಇಳಿಯಿತು. ಕುತ್ತಿಗೆವರೆಗೆ ಮುಳುಗಿದ್ದೇ ತಡ, ಉಸಿರು ಗಕ್ಕನೆ ಒಳಗೆ ಎಳೆಯಿತು. ಆಮೇಲೆ ಎರಡು ನಿಮಿಷ ಬರೀ ಏದುಸಿರು. ಆ ಮೊದಲ ಉಸಿರು ಎಳೆಯುವಾಗ ತಲೆ ನೀರೊಳಗಿದ್ದರೆ ಕಥೆ ಅಲ್ಲಿಗೇ ಮುಗಿದಂತೆ. ತಣ್ಣೀರಿಗೆ ಬಿದ್ದ ಎಷ್ಟೋ ಜನ ಸಾಯುವುದು ಹೀಗೆಯೇ, ಮೈ ತಣ್ಣಗಾಗುವ ಎಷ್ಟೋ ಮೊದಲು. ದಿನಾ ಕೂತು ಕೂತು ಒಂದು ವಾರದಲ್ಲಿ ಆ ಏದುಸಿರು ಕಡಿಮೆಯಾಯಿತು. ನಾನು ಅದನ್ನೇ ಚಳಿ ಗೆದ್ದಂತೆ ಎಂದುಕೊಂಡೆ.

ಎಂಟನೇ ದಿನ 40 ನಿಮಿಷ ಕೂತೆ. ಎದ್ದಾಗ ಭಾರೀ ಹುರುಪು. ಆಯಿ ಕೊಟ್ಟ ಕಂಬಳಿ ಬದಿಗೆ ಎಸೆದು, ನೇರ ಬಚ್ಚಲಿಗೆ ಹೋಗಿ ಹಂಡೆಯ ಬಿಸಿನೀರು ಹೊಯ್ದುಕೊಂಡೆ. ಮೂರನೇ ತಂಬಿಗೆಗೆ ಕಣ್ಣು ಕತ್ತಲೆ ಬಂತು. ಗೋಡೆ ಹಿಡಿದು ಜಾರಿ ಕೂತವನನ್ನು ಆಯಿ ಬೈಯುತ್ತಲೇ ಎಳೆದು ಮಲಗಿಸಿದಳು.

ನೀರಿನಿಂದ ಹೊರಬಂದ ಮೇಲೂ ಸುಮಾರು ಅರ್ಧ ತಾಸು ಮೈಯ ಒಳಗಿನ ಬಿಸಿ ಇಳಿಯುತ್ತಲೇ ಇರುತ್ತದೆ, ಕೈಕಾಲಿನ ತಂಪು ನಿಧಾನಕ್ಕೆ ಒಳಗೆ ಸೇರುತ್ತದೆ. ಅಂಥ ಹೊತ್ತಲ್ಲಿ ಬಿಸಿನೀರು ಸುರಿದರೆ ಚರ್ಮದ ರಕ್ತನಾಳ ಹಿಗ್ಗಿ ರಕ್ತದೊತ್ತಡ ದಡಕ್ಕನೆ ಬೀಳುತ್ತದೆ. ಮೈ ತಿಕ್ಕುವುದೂ ಬೇಡ. ಒದ್ದೆ ಬಟ್ಟೆ ತೆಗೆದು, ಒರೆಸಿ, ಟೊಪ್ಪಿಗೆ, ಸ್ವೆಟರ್, ಕಂಬಳಿ ಹೊದ್ದು, ಎಚ್ಚರ ಸರಿಯಿದ್ದರೆ ಬೆಲ್ಲದ ಬಿಸಿ ಕಷಾಯ ಕುಡಿಯಬೇಕು. ಗೋವೆ ಮಗ್ಗುಲಲ್ಲೇ ಇರುವುದರಿಂದ 'ಒಂದು ಗುಟುಕು ಫೆನ್ನಿ ಹಾಕು, ಚಳಿ ಹೋಗ್ತದೆ' ಅನ್ನುವವರಿಗೇನೂ ಬರವಿಲ್ಲ. ಹಾಕಿದರೆ ಹೋಗುವುದು ಚಳಿಯಲ್ಲ, ಉಳಿದಿರುವ ಬಿಸಿ.

ಜನವರಿಯಲ್ಲಿ ಟಾಗೋರ್ ಕಡಲತೀರದಿಂದ ಐದು ತಾಸಿನ ಈಜು ಇಟ್ಟುಕೊಂಡೆ. ಭಾವ ಪಾತಿ ದೋಣಿಯಲ್ಲಿ ಜೊತೆಗಿದ್ದ. ಇದು ನಮ್ಮದೇ ಬೆಚ್ಚನೆಯ ಕಡಲಲ್ಲವೇ, ಎಂತ ಹೆದರಿಕೆ? ಆದರೆ ಗಾಳಿಗಿಂತ ನೀರು ಸುಮಾರು 25 ಪಟ್ಟು ಬೇಗ ಬಿಸಿ ಎಳೆಯುತ್ತದೆ. ನಾನೋ 58 ಕಿಲೋದ ಕಡ್ಡಿ. ಬೆಳಗಿನ ಗಾಳಿ ಘಟ್ಟದ ಕಡೆಯಿಂದ ಬೀಸುತ್ತಿತ್ತು. ನಾಲ್ಕನೇ ತಾಸಿಗೆ ಬೆರಳು ಒಂದಕ್ಕೊಂದು ಕೂಡದೆ ಕೈ ಗೋರೆಯಂತೆ ಸೆಟೆಯಿತು. ಮೈ 37 ಡಿಗ್ರಿಯಿಂದ 35ಕ್ಕಿಂತ ಕೆಳಗೆ ಹೋದರೆ ಹೈಪೋಥರ್ಮಿಯಾ, ಅದು ನನಗೆ ಬಾಯಿಪಾಠವಿತ್ತು. ನೀರಲ್ಲಿ ನೆನಪಾಗಲಿಲ್ಲ.

'ಹೆಂಗದೆ?' ಅಂದ ಭಾವ.

'ಎಂತದೂ ಇಲ್ಲ, ಬೆಚ್ಚಗದೆ.' ನಾಲಗೆ ದಪ್ಪಗಾಗಿತ್ತು.

'ಕಾರವಾರದಿಂದ ಭಟ್ಕಳಕ್ಕೆ ದಾರಿ ಹೇಳು.'

'ಅಂಕೋಲಾ, ಹೊನ್ನಾವರ, ಕುಮಟಾ...'

ಹೊನ್ನಾವರಕ್ಕಿಂತ ಮೊದಲು ಕುಮಟಾ ಬರಬೇಕಿತ್ತು. ಅವನು ಹುಟ್ಟು ಬಿಟ್ಟು ನನ್ನ ರಟ್ಟೆ ಹಿಡಿದ. ನಾನು ಇನ್ನೂ ಒಂದು ತಾಸು ಈಜುತ್ತೇನೆಂದು ಜಗಳಕ್ಕೇ ನಿಂತೆನಂತೆ. ದೋಣಿಯಲ್ಲಿ ಮಲಗಿಸಿದ ಮೇಲೆ ನಡುಕ ಶುರುವಾಯಿತು, ಹಲಗೆ ಕಟಕಟ ಅನ್ನುವಷ್ಟು. ಭಾವನಿಗೆ ಆಗ ಸಮಾಧಾನವಾಯಿತಂತೆ. ನಡುಗುವಷ್ಟು ಹೊತ್ತು ಮೈ ಹೋರಾಡುತ್ತಿದೆ ಎಂದರ್ಥ. ಬಿಸಿಯಾಗದೆಯೇ ನಡುಕ ನಿಂತರೆ ಆಸ್ಪತ್ರೆಗೆ ಓಡಬೇಕು.

ಈಗ ಪ್ರತಿ ಅರ್ಧ ತಾಸಿಗೆ ಗಂಜಿ ನೀರಿನ ಜೊತೆ ಒಂದು ಪ್ರಶ್ನೆ. ಊರುಗಳು ನನಗೆ ಅಭ್ಯಾಸವಾಗಿಬಿಟ್ಟವು ಎಂದು ಭಾವ ಈಗ ಭಟ್ಕಳದಿಂದ ಹಿಮ್ಮುಖವಾಗಿ ಕೇಳುತ್ತಾನೆ. ಒಂದು ಊರು ತಪ್ಪಿದರೂ ದೋಣಿಗೆ ಹತ್ತುವುದು, ಚರ್ಚೆ ಇಲ್ಲ.